ಯಂತ್ರ ತಪ್ಪಿದಾಗ ಯಾರ ಬಾಗಿಲು ತಟ್ಟಬೇಕು?



ಇವತ್ತು ಪದವಿ ಸ್ವೀಕರಿಸಲು ಈ ಸಭಾಂಗಣದಲ್ಲಿ ಕೂತಿರುವ ಬಹಳ ಜನರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇದೆ. ಇಷ್ಟು ವರ್ಷ ಓದಿ ಪಡೆದ ಪದವಿಗೆ ತಕ್ಕ ಕೆಲಸ ಮುಂದೆ ಉಳಿದಿರುತ್ತದೆಯೇ, ಇಲ್ಲ ಅದನ್ನು ಕಂಪ್ಯೂಟರೇ ಮಾಡಿಬಿಡುತ್ತದೆಯೇ? 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು. ಅಲ್ಲಿಂದ ಇಲ್ಲಿಯವರೆಗೆ ನಿಮ್ಮ ಓದೆಲ್ಲ ಈ ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಂಡೇ ನಡೆದಿದೆ. ಭವಿಷ್ಯ ಹೇಳುವ ಶಕ್ತಿ ನನಗಿಲ್ಲ. ಅದರ ಬದಲು, ನಮ್ಮ ನಾಡಿನಲ್ಲೇ ಕಾಲು ಶತಮಾನದ ಹಿಂದೆ ನಡೆದ ಒಂದು ದೊಡ್ಡ ಬದಲಾವಣೆಯನ್ನು ನಿಮ್ಮ ಮುಂದಿಡುತ್ತೇನೆ. ಅದರ ಫಲವೂ ಪೆಟ್ಟೂ ಈಗ ಕಣ್ಣಿಗೆ ಕಾಣುವಂತಿವೆ.

ನಾನು ಹೇಳಹೊರಟಿರುವುದು ಪಹಣಿಯ, ಅಂದರೆ ಜಮೀನಿನ ಹಕ್ಕು ದಾಖಲೆಯ ವಿಷಯ. ರೈತರ ಮನೆಯಿಂದ ಬಂದವರಿಗೆ ಅದೇನೆಂದು ವಿವರಿಸಬೇಕಿಲ್ಲ. ಬೆಳೆ ಸಾಲಕ್ಕೆ ಹೋದರೂ, ಸಹಾಯಧನಕ್ಕೆ ಹೋದರೂ, ಕೋರ್ಟಿನಲ್ಲಿ ಒಬ್ಬರಿಗೆ ಜಾಮೀನು ನಿಲ್ಲಲು ಹೋದರೂ ಮೊದಲು ಕೇಳುವುದು ಪಹಣಿಯನ್ನು. ಒಂದು ಕಾಲದಲ್ಲಿ ಅದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು, ಒಬ್ಬೊಬ್ಬರ ಸುಪರ್ದಿಗೆ ಮೂರು ನಾಲ್ಕು ಹಳ್ಳಿ. ಅವರು ಸಿಕ್ಕ ದಿನ ಪಹಣಿ ಸಿಗುತ್ತಿತ್ತು, ಸಿಗದ ದಿನ ಬರಿಗೈಲಿ ವಾಪಸ್ಸು. ಕೈ ಬಿಸಿ ಮಾಡಬೇಕಾದ ಕಡೆ ಮಾಡಲೇಬೇಕಿತ್ತು. ತನ್ನ ಹೊಲದ ಬಗ್ಗೆ ಆ ಪುಸ್ತಕದಲ್ಲಿ ಏನು ಬರೆದಿದೆ ಎಂದು ತಿಳಿಯಲು ರೈತನಿಗೆ ಬೇರೆ ದಾರಿಯೇ ಇರಲಿಲ್ಲ.

2000ದ ಆಚೀಚಿನ ಕೆಲವೇ ವರ್ಷಗಳಲ್ಲಿ ಇದು ತಲೆಕೆಳಗಾಯಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತನದಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 177 ತಾಲ್ಲೂಕು ಕಚೇರಿಗಳಲ್ಲಿ ಕೌಂಟರು ತೆರೆಯಿತು. 15 ರೂಪಾಯಿ ಕಟ್ಟಿದರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಕಾನೂನಿನ ಬೆಲೆಯೇ ಉಳಿಯಲಿಲ್ಲ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶ ಕಟ್ಟುಪಾಡು ಹಾಕಿತು. ದಾಖಲೆ ಮುಟ್ಟುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು, ಆಮೇಲೆ ‘ನಾನು ಮಾಡಿಲ್ಲ’ ಎನ್ನುವಂತಿರಲಿಲ್ಲ. ಈ ಬೆರಳಚ್ಚನ್ನು ನೆನಪಿಟ್ಟುಕೊಳ್ಳಿ. ಆ ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಅದೇ.

ಕೆಲಸಗಳು ಹೋದವೇ? ಗ್ರಾಮ ಲೆಕ್ಕಿಗರ ಹುದ್ದೆ ಹೋಗಲಿಲ್ಲ. ಇಂದು ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರಿನಲ್ಲಿ, ಮೊದಲಿಗಿಂತ ಹೆಚ್ಚು ಹೊರೆ ಹೊತ್ತು ಮುಂದುವರಿದಿದೆ. ಡೇಟಾ ಆಪರೇಟರುಗಳು ಬಂದರು. ಜಮೀನು ಭಾಗವಾಗುವ ಮುನ್ನ ಬೇಕಾಗುವ 11ಇ ನಕ್ಷೆ ಮಾಡಿಕೊಡುವ ಪರವಾನಗಿ ಭೂಮಾಪಕರು ಬಂದರು. ತಾಲ್ಲೂಕು ಕಚೇರಿಯ ಸುತ್ತ ಜೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿ ತುಂಬುವ ಅಂಗಡಿಗಳ ಸಾಲೇ ಎದ್ದಿತು. ಜೊತೆಗೆ ಹೊಸ ಬಗೆಯ ದಲ್ಲಾಳಿಗಳೂ ಬಂದರು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಒಂದು ಅಧ್ಯಯನ ಬರೆದು, ದಾಖಲೆ ತಾಲ್ಲೂಕಿನಲ್ಲಿ ಒಟ್ಟುಗೂಡಿದ್ದರಿಂದ ಬೆಂಗಳೂರಿನ ಸುತ್ತ ಭೂಮಿ ಕೊಳ್ಳುವ ದೊಡ್ಡ ಕುಳಗಳಿಗೆ ದಾರಿ ಸುಗಮವಾಯಿತು ಎಂದು ವಾದಿಸಿದರು. ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಪಹಣಿಗಾಗಿ ಅಲೆದವರ ಮನೆಯಲ್ಲಿ ಬೆಳೆದವರಾರೂ ಹಳೆಯ ಕಾಲಕ್ಕೆ ಮರಳಲು ಬಯಸಲಾರರು. ಆದರೆ ಒಂದೇ ಸೌಲಭ್ಯ ಎಲ್ಲರ ಕೈಗೂ ಒಂದೇ ಬಲ ಕೊಡುವುದಿಲ್ಲ ಎಂಬ ಅವರ ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಇನ್ನೊಂದು ಸಂಗತಿಯೂ ನಡೆಯಿತು. ಹಳೆಯ ಪುಸ್ತಕದ ತಪ್ಪುಗಳು ಹಾಗೆಯೇ ಕಂಪ್ಯೂಟರಿನೊಳಗೆ ಹೋದವು. ಬಸವಪ್ಪ ಬಸಪ್ಪನಾದ. ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು. ತೀರಿಹೋದ ಅಜ್ಜನೇ ಇಂದಿಗೂ ಖಾತೆದಾರ. ಹಾಗಾಗಿಯೇ ಕಂದಾಯ ಇಲಾಖೆ ಪೌತಿ ಖಾತೆಗಾಗಿ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಆಂದೋಲನ ನಡೆಸಬೇಕಾಗಿ ಬಂದಿದೆ. ಮೊದಲು ತಪ್ಪಾದರೆ ಯಾರನ್ನು ಕೇಳಬೇಕೆಂದು ಊರಿಗೆಲ್ಲ ಗೊತ್ತಿತ್ತು. ಈಗ ಕೌಂಟರಿನ ಆಚೆಯಿಂದ ಬರುವ ಉತ್ತರ, ‘ಸಿಸ್ಟಂ ತಗೊಳ್ತಾ ಇಲ್ಲ.’

ಈ ಮೂರು ಪದಗಳ ವಾಕ್ಯದ ಬಗ್ಗೆಯೇ ನಾನು ಇವತ್ತು ನಿಮ್ಮೊಡನೆ ಮಾತಾಡಬೇಕಿರುವುದು. ಕಳೆ ಕಿತ್ತು, ಕಲ್ಲು ಹೊತ್ತು ಸವೆದ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಗುರುತು ಹಿಡಿಯದಿದ್ದಾಗ ಅದೇ ಮಾತು. ನರೇಗಾ ಕಾಮಗಾರಿಗಳಲ್ಲಿ 2023ರ ಜನವರಿಯಿಂದ ಮೊಬೈಲ್ ಆ್ಯಪ್ ಮೂಲಕವೇ ಹಾಜರಿ ಕಡ್ಡಾಯವಾಯಿತು, ದಿನಕ್ಕೆ ಎರಡು ಸಲ ಫೋಟೋ. ಬೆಟ್ಟದ ಬುಡದಲ್ಲಿ ನೆಟ್‌ವರ್ಕ್ ಸಿಗದ ದಿನ, ಇಡೀ ದಿನ ಗುದ್ದಲಿ ಹಿಡಿದ ಹೆಂಗಸಿನ ಕೂಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಕೆಲಸ ಆಗಿದೆ, ನೋಡಿದವರಿದ್ದಾರೆ, ತೋಡಿದ ಗುಂಡಿ ಕಣ್ಣೆದುರಿಗಿದೆ. ಆದರೂ ಕೂಲಿಕಾರರ ಗುಂಪಿನ ಮುಂದಾಳಾದ ಕಾಯಕ ಬಂಧುವಿನ ಮಾತಿಗಿಂತ ಸರ್ವರಿನ ಮಾತು ದೊಡ್ಡದಾಯಿತು. ಆ ಆ್ಯಪ್ ಬರೆದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರು ನಿಮ್ಮ ಹಾಗೆಯೇ ಪದವಿ ಪಡೆದ ಯುವಕ ಯುವತಿಯರು. ಆ ಬೆಟ್ಟದ ಬುಡವನ್ನು ಅವರು ನೋಡಿರಲಿಲ್ಲ, ನೋಡಿಕೊಂಡು ಬನ್ನಿ ಎಂದು ಅವರಿಗೆ ಯಾರೂ ಹೇಳಿರಲೂ ಇಲ್ಲ.

ಈಗ ಬರುತ್ತಿರುವ ಯಂತ್ರಗಳು ಫಾರಂ ತುಂಬಿ ಸುಮ್ಮನಾಗುವುದಿಲ್ಲ. ಯಾರಿಗೆ ಸಾಲ ಕೊಡಬಹುದು, ಯಾವ ಅರ್ಜಿಯನ್ನು ಪಕ್ಕಕ್ಕಿಡಬೇಕು, ಎಕ್ಸ್‌ರೇಯಲ್ಲಿ ಕಾಣುವ ಕಲೆ ಕ್ಷಯವೋ ಅಲ್ಲವೋ ಎಂದೆಲ್ಲ ಅಭಿಪ್ರಾಯ ಕೊಡುತ್ತವೆ. 2016ರಲ್ಲಿ ಜೆಫ್ರಿ ಹಿಂಟನ್ ಒಂದು ಮಾತು ಹೇಳಿದರು: ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಇಂದೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ. ಅವರು ಸಾಮಾನ್ಯರಲ್ಲ. 2024ರ ಭೌತಶಾಸ್ತ್ರದ ನೊಬೆಲ್ ಪಡೆದವರು, ಈ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಆದರೂ ಗಡುವು ದಾಟಿ ವರ್ಷಗಳಾದವು, ಜಗತ್ತಿನ ಆಸ್ಪತ್ರೆಗಳು ಇನ್ನೂ ರೇಡಿಯಾಲಜಿಸ್ಟ್‌ಗಳನ್ನು ಹುಡುಕುತ್ತಲೇ ಇವೆ. ಯಂತ್ರ ಚಿತ್ರ ನೋಡುವುದನ್ನು ಚೆನ್ನಾಗಿಯೇ ಕಲಿಯಿತು. ಆದರೆ ಚಿತ್ರ ನೋಡುವುದು ಆ ವೈದ್ಯರ ಕೆಲಸದ ಒಂದು ಭಾಗ ಮಾತ್ರ. ರೋಗಿಯ ಹಳೆಯ ಚರಿತ್ರೆ ಕೇಳುವುದು, ಶಸ್ತ್ರಚಿಕಿತ್ಸಕರೊಡನೆ ಚರ್ಚಿಸುವುದು, ಅನುಮಾನ ಬಂದರೆ ಇನ್ನೊಮ್ಮೆ ತೆಗೆಸುವುದು, ಕೊನೆಗೆ ವರದಿಯ ಕೆಳಗೆ ಸಹಿ ಹಾಕುವುದು, ಇವೆಲ್ಲ ಸೇರಿ ಆ ಕೆಲಸ. ಸಹಿ ಎಂದರೆ, ಇದು ತಪ್ಪಾದರೆ ನನ್ನನ್ನು ಕೇಳಿ ಎಂದು ಬರೆದುಕೊಟ್ಟಂತೆ. ಭೂಮಿ ಯೋಜನೆಯಲ್ಲಿ ನೌಕರ ಒತ್ತುತ್ತಿದ್ದ ಬೆರಳು ಹೇಳಿದ್ದೂ ಅದನ್ನೇ. ನಿಮ್ಮ ಮುಂದಿನ ದುಡಿಮೆಯ ಬೆಲೆ ಬಹುಮಟ್ಟಿಗೆ ಈ ಸಹಿಯಲ್ಲಿದೆ ಎಂದು ನಾನು ನಂಬಿದ್ದೇನೆ.

ಸಹಿ ಹಾಕುವ ಯೋಗ್ಯತೆ ಎಲ್ಲಿಂದ ಬರುತ್ತದೆ? ಇಲ್ಲಿ ನನಗೆ ನಿಜವಾದ ಆತಂಕವಿದೆ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ಲೆಕ್ಕ ಹಿಡಿದರೆ ನಮ್ಮ ಸಾಫ್ಟ್‌ವೇರ್ ಉದ್ಯಮಕ್ಕೆ ನಾಲ್ಕು ದಶಕವಾಯಿತು. ಈ ನಾಲ್ಕು ದಶಕವೂ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮೊದಲ ಒಂದೆರಡು ವರ್ಷ ಸಣ್ಣ ಕೆಲಸ ಮಾಡಿಯೇ ಕಲಿತರು. ಬೇರೆಯವರು ಬರೆದ ಕೋಡಿನ ತಪ್ಪು ಹುಡುಕಿದರು, ಟೆಸ್ಟಿಂಗ್ ಮಾಡಿದರು, ಗ್ರಾಹಕರ ದೂರುಗಳಿಗೆ ಉತ್ತರ ಬರೆದರು. ವಕೀಲರ ಕಚೇರಿಯ ಕಿರಿಯರು, ಲೆಕ್ಕಪರಿಶೋಧಕರ ಬಳಿಯ ಆರ್ಟಿಕಲ್ ಕ್ಲರ್ಕುಗಳು, ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿಸಂಸ್ಥೆಯ ವರದಿ ಅನುವಾದಿಸುವ ಟ್ರೈನಿಗಳು, ಎಲ್ಲರೂ ಕಲಿತದ್ದು ಹೀಗೆಯೇ. ಕೃತಕ ಬುದ್ಧಿಮತ್ತೆ ಎಲ್ಲಕ್ಕಿಂತ ಸಲೀಸಾಗಿ ಮಾಡುವುದು ಸರಿಯಾಗಿ ಇದೇ ಸಣ್ಣ ಕೆಲಸಗಳನ್ನು. ಕಿರಿಯರಿಗೆ ಸಣ್ಣ ಕೆಲಸವೇ ಇಲ್ಲದಿದ್ದರೆ ಹತ್ತು ವರ್ಷದ ನಂತರ ಯಂತ್ರದ ತಪ್ಪು ಹಿಡಿಯಬಲ್ಲ ಹಿರಿಯರು ಎಲ್ಲಿಂದ ಬರಬೇಕು?

ಇದರ ಪರಿಹಾರವನ್ನು ಪದವೀಧರರ ಹೆಗಲಿಗಷ್ಟೇ ಹೊರಿಸುವುದು ಅನ್ಯಾಯ. ಹೊಸಬರನ್ನು ತೆಗೆದುಕೊಂಡು ತಿದ್ದುವುದು ತಮ್ಮ ಸಂಸ್ಥೆಯ ಉಳಿವಿನ ಪ್ರಶ್ನೆ ಎಂದು ಉದ್ಯಮದವರು ಅರಿಯಬೇಕು. ವಿಶ್ವವಿದ್ಯಾಲಯಗಳು ಇಂಟರ್ನ್‌ಶಿಪ್ ಅನ್ನು ಪ್ರಮಾಣಪತ್ರದ ಶಾಸ್ತ್ರವಾಗಲು ಬಿಡಬಾರದು. ನಿಮಗೆ ನಾನು ಹೇಳುವುದಿಷ್ಟು: ನಿಮ್ಮ ವಿಷಯದ ಮೂಲ ಕೆಲಸವನ್ನು ಕೈಯಾರೆ ಮಾಡಿ. ಲೆಕ್ಕ ಬಿಡಿಸಿ, ಕರಡು ಬರೆಯಿರಿ, ಮಣ್ಣು ಪರೀಕ್ಷೆ ಮಾಡಿ, ಕೋಡ್ ಬರೆದು ಅದು ಮುರಿದು ಬೀಳುವುದನ್ನು ನೋಡಿ. ಆಮೇಲೆ ಯಂತ್ರದ ಉತ್ತರವನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ. ಅದು ಎಷ್ಟು ನಯವಾಗಿ, ಎಷ್ಟು ಧೈರ್ಯದಿಂದ ತಪ್ಪು ಹೇಳಬಲ್ಲದು ಎಂದು ಆಗ ತಿಳಿಯುತ್ತದೆ.

ಭಾಷೆಯ ಬಗ್ಗೆ ಒಂದು ಮಾತು, ಅದರಲ್ಲೂ ಕನ್ನಡ ಎಂ.ಎ. ಮುಗಿಸಿದವರಿಗೆ. ಕಂಪ್ಯೂಟರಿನಲ್ಲಿ ಕನ್ನಡ ತಾನಾಗಿ ಬರಲಿಲ್ಲ. ಕೆ.ಪಿ. ರಾವ್ ಅವರಂಥವರು ಕನ್ನಡದ ಧ್ವನಿಗಳ ಲೆಕ್ಕ ಹಿಡಿದು ಕೀಲಿಮಣೆ ವಿನ್ಯಾಸ ಮಾಡಿದರು, ‘ನುಡಿ’ ತಂತ್ರಾಂಶದಲ್ಲಿ ನಾವು ಇಂದಿಗೂ ಬೆರಳಾಡಿಸುವುದು ಅದರ ಮೇಲೆ. ಈಗ ಯಂತ್ರಕ್ಕೆ ಕನ್ನಡ ಕೇಳಲು, ಮಾತಾಡಲು ಕಲಿಸುವ ಕೆಲಸ ನಡೆದಿದೆ. ಕೇಂದ್ರ ಸರ್ಕಾರದ ‘ಭಾಷಿಣಿ’ ಇದೆ. ‘ಕಾರ್ಯ’ ಎಂಬ ಸಂಸ್ಥೆ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಂದ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಅದಕ್ಕೆ ಹಣ ಕೊಟ್ಟು ಧ್ವನಿ ಸಂಗ್ರಹಿಸಿದೆ. ಆದರೆ ಯಾವ ಕನ್ನಡ? ಕಲಬುರಗಿಯ ಕಡೆ ಆಶಾ ಕಾರ್ಯಕರ್ತೆಯ ಮುಂದೆ ಅಜ್ಜಿಯೊಬ್ಬಳು ‘ಎದಿ ಹಿಡದಂಗ ಆಗ್ಲಿಕತ್ತದ’ ಎಂದರೆ ಯಂತ್ರಕ್ಕೆ ಅದು ತುರ್ತು ಎಂದು ತಿಳಿಯಬೇಕು. ಕುಂದಾಪುರದ ಮೀನುಗಾರ, ಚಾಮರಾಜನಗರದ ಕೂಲಿಯಾಳು ತಮ್ಮ ನಾಲಗೆಯನ್ನು ಪಠ್ಯಪುಸ್ತಕಕ್ಕೆ ಒಗ್ಗಿಸಿಕೊಂಡು ಯಂತ್ರದ ಮುಂದೆ ನಿಲ್ಲುವಂತಾಗಬಾರದು. ತುಳು, ಕೊಡವ, ಲಂಬಾಣಿ ಮನೆಮಾತಿನವರ ಪಾಡೂ ಇದೇ. ಉಪಭಾಷೆ, ಜಾನಪದ, ಗಾದೆ, ಕ್ರಿಯಾಪದದ ರೂಪ ಎಂದು ನೀವು ಓದಿದ್ದೆಲ್ಲ ಇಂದು ಎಂಜಿನಿಯರುಗಳಿಗೆ ತುರ್ತಾಗಿ ಬೇಕಾಗಿದೆ. ಅವರು ನಿಮ್ಮನ್ನು ಹುಡುಕಿಕೊಂಡು ಬರಲೆಂದು ಕಾಯಬೇಡಿ, ನೀವೇ ಹೋಗಿ ಅವರ ಮೇಜಿನ ಪಕ್ಕ ಕೂರಿ.

ಈ ಯಂತ್ರಗಳ ಹಿಂದೆ ಕಾನೂನೂ ನಿಧಾನವಾಗಿ ಬರುತ್ತಿದೆ. ಆ್ಯಪ್ ಮೂಲಕ ಊಟ ತಲುಪಿಸುವವರು, ಆಟೊ ಕ್ಯಾಬ್ ಓಡಿಸುವವರಂಥ ಗಿಗ್ ಕಾರ್ಮಿಕರು 2020-21ರಲ್ಲಿ ದೇಶದಲ್ಲಿ 77 ಲಕ್ಷ ಇದ್ದರೆಂದು ನೀತಿ ಆಯೋಗ ಅಂದಾಜು ಮಾಡಿತ್ತು. ಮೊದಲು ರಾಜಸ್ಥಾನ 2023ರಲ್ಲಿ, ಆಮೇಲೆ ಕರ್ನಾಟಕ 2025ರಲ್ಲಿ ಇವರಿಗಾಗಿ ಕಾಯ್ದೆ ಮಾಡಿದವು. ನಮ್ಮ ಕಾಯ್ದೆಯ ಪ್ರಕಾರ ಪ್ರತಿ ವಹಿವಾಟಿನ ಮೇಲೆ ಕಲ್ಯಾಣ ನಿಧಿಗೆ ಶುಲ್ಕ ಸೇರಬೇಕು. ಕಾರಣ ತಿಳಿಸದೆ, 14 ದಿನ ಮೊದಲು ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ತಮ್ಮ ಕೆಲಸವನ್ನು ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ತಿಳಿಯುವ ಹಕ್ಕನ್ನೂ ಅದು ಕಾರ್ಮಿಕರಿಗೆ ಕೊಟ್ಟಿದೆ. ‘ಯಾಕೆ?’ ಎಂದು ಯಂತ್ರವನ್ನು ಕೇಳುವ ಹಕ್ಕು ಅದು. ಕಾನೂನು ಓದಿದವರು ಇದನ್ನು ಕಾಗದದಿಂದ ಬೀದಿಗೆ ತರುವ ಕೆಲಸಕ್ಕೆ ಮುಂದಾಗಬೇಕು.

ಇನ್ನು ಕೆಲವೇ ತಿಂಗಳಲ್ಲಿ ನಿಮ್ಮಲ್ಲಿ ಕೆಲವರು ನಾಡಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕೌಂಟರಿನ ಒಳಗಡೆ ಕೂರುತ್ತೀರಿ. ಕೆಲವರು ಆ ಕೌಂಟರಿನ ತಂತ್ರಾಂಶ ಬರೆಯುತ್ತೀರಿ. ಬರೆಯುವವರಲ್ಲಿ ನನ್ನ ಕೋರಿಕೆ: ಹೆಸರು ಹೊಂದದ, ಬೆರಳು ಹತ್ತದ, ಯಾವ ಪಟ್ಟಿಗೂ ಸೇರದ ಮನುಷ್ಯನಿಗಾಗಿ ಒಂದು ದಾರಿಯನ್ನು ಮೊದಲ ದಿನವೇ ಇಡಿ. ಆ ದಾರಿಯ ಕೊನೆಯಲ್ಲಿ ನಿರ್ಧಾರ ತೆಗೆದುಕೊಳ್ಳುವ ಅಧಿಕಾರಿಯ ಹೆಸರು, ಹುದ್ದೆ, ಫೋನ್ ನಂಬರು ಕನ್ನಡದಲ್ಲಿ ಕಾಣಲಿ. ಕೌಂಟರಿನಲ್ಲಿ ಕೂರುವವರಲ್ಲಿ ನನ್ನ ಕೋರಿಕೆ: ಸಿಸ್ಟಂ ತಗೊಳ್ಳದಿದ್ದರೆ ನೀವು ತಗೊಳ್ಳಿ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆಸಿಕೊಂಡು, ದಿನಾಂಕ ಹಾಕಿ, ಸ್ವೀಕೃತಿಗೆ ನಿಮ್ಮ ಹೆಸರು ಬರೆದು ಸಹಿ ಮಾಡಿ ಅವರ ಕೈಗೆ ಕೊಡಿ.