ಮಗುವಿನ ಅಳು ಕೇಳಿಸಿಕೊಳ್ಳುವ ಶಾಲೆ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಪ್ರವಾದಿ ಮುಹಮ್ಮದ್ (ಸ) ಅವರು ದೀರ್ಘವಾಗಿ ನಮಾಝ್ ಮಾಡಿಸಬೇಕೆಂದು ನಿಂತಾಗಲೂ ಮಗುವಿನ ಅಳು ಕೇಳಿದರೆ, ತಾಯಿಯ ಸಂಕಟ ನೆನೆದು ನಮಾಝನ್ನು ಚಿಕ್ಕದಾಗಿ ಮುಗಿಸುತ್ತಿದ್ದರೆಂದು ಹದೀಸಿನಲ್ಲಿದೆ. ಮಗುವಿಗಾಗಿ ನಮಾಝೇ ಚಿಕ್ಕದಾಗಬಹುದಾದರೆ, ನಮ್ಮ ಪಾಠ ಒಂದು ನಿಮಿಷ ನಿಲ್ಲಬಾರದೇ?

ಇದನ್ನು ನಾನು ತಡವಾಗಿ ಕಲಿತೆ. ನಾಲ್ಕನೇ ತರಗತಿಯ ಹುಡುಗನೊಬ್ಬ ಚಳಿಗಾಲದಲ್ಲಿ ದಿನವೂ ತಡವಾಗಿ ಬರುತ್ತಿದ್ದ. ಅವನನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಏಕೆ ತಡವೆಂದು ಕೇಳಲಿಲ್ಲ. ಆಮೇಲೆ ಒಂದು ವಾರ ಅವನು ಬರಲೇ ಇಲ್ಲ. ಮನೆ ಹುಡುಕಿಕೊಂಡು ಹೋದೆ. ಅಡಿಕೆ ಸುಲಿಯುವ ಕಾಲ. ತಾಯಿ ಬೆಳಗಿನ ಜಾವವೇ ಕೆಲಸಕ್ಕೆ ಹೋಗುತ್ತಿದ್ದರು. ತಂಗಿಯ ಮುಖ ತೊಳೆಸಿ, ಚಹಾ ಕಾಸಿ ಕೊಟ್ಟು, ಅಂಗನವಾಡಿಗೆ ಬಿಟ್ಟು ಅವನು ಶಾಲೆಗೆ ಬರಬೇಕಿತ್ತು. ನನ್ನನ್ನು ಕಂಡವನೇ ಹೆದರಿ ಒಳಗೆ ಓಡಿದ. ಅದನ್ನು ಇಂದಿಗೂ ಮರೆತಿಲ್ಲ. ಮರುದಿನದಿಂದ, ಎಷ್ಟೇ ತಡವಾದರೂ ಒಳಗೆ ಕರೆದು ಕೂರಿಸಿದೆ. ಆದರೂ ಅವನು ಎದ್ದು ನಿಂತು ನನ್ನನ್ನು ಪ್ರಶ್ನೆ ಕೇಳಲು ಮೂರು ತಿಂಗಳು ಬೇಕಾಯಿತು.

ಇದು ಬರೀ ದಯೆಯ ಮಾತಲ್ಲ, ಕಾನೂನೂ ಹೌದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗು ಭಯವಿಲ್ಲದೆ ಕಲಿಯಬೇಕೆಂದು 29ನೇ ಕಲಂ ಹೇಳುತ್ತದೆ. ನಮ್ಮ ರಾಜ್ಯದಲ್ಲೇ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಆರಂಭವಾಯಿತು. ಅಲ್ಲಿ ಮಗು ಏಣಿ ಹತ್ತಿದಂತೆ ತನ್ನ ವೇಗದಲ್ಲಿ ಕಲಿಯುತ್ತದೆ. ನಾಲ್ಕು ದಿನ ಬಾರದಿದ್ದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಒಳ್ಳೆಯ ಪದ್ಧತಿ. ಆದರೆ "ನಿನ್ನೆ ಏಕೆ ಬರಲಿಲ್ಲ ಮಗಾ?" ಎಂದು ಕಲಿಕಾ ಕಾರ್ಡು ಕೇಳುವುದಿಲ್ಲ. ಅದನ್ನು ಮನುಷ್ಯರೇ ಕೇಳಬೇಕು.

ನಮ್ಮ ಅನೇಕ ಮಕ್ಕಳು ಮನೆಯಲ್ಲಿ ಉರ್ದು ಮಾತಾಡಿ ಶಾಲೆಯಲ್ಲಿ ಕನ್ನಡ ಓದುತ್ತಾರೆ. ಒಂದು ಶಬ್ದ ತಪ್ಪಿದಾಗ ನಾವು ನಕ್ಕರೆ ವರ್ಷವಿಡೀ ಬಾಯಿ ಬಿಡುವುದಿಲ್ಲ. ತಿದ್ದೋಣ, ಆದರೆ ನಗುವುದು ಬೇಡ.

ಇಂದು ಕೊಡುತ್ತಿರುವ ವಿದ್ಯಾರ್ಥಿವೇತನದಿಂದ ಶುಲ್ಕ ಕಟ್ಟಬಹುದು, ಪುಸ್ತಕ ಕೊಳ್ಳಬಹುದು. ಮಗು ಶಾಲೆಯಲ್ಲಿ ಉಳಿಯಲು ಅಷ್ಟೇ ಸಾಲದು. ಆದ್ದರಿಂದ ಟ್ರಸ್ಟಿನ ಸದಸ್ಯರಲ್ಲಿ ನನ್ನದೊಂದು ವಿನಂತಿ: ಈ ಪಟ್ಟಿಯ ಪ್ರತಿ ಮಗುವಿಗೆ ನಮ್ಮಲ್ಲೊಬ್ಬರು ಹೊಣೆಯಾಗಲಿ. ತಿಂಗಳಿಗೊಮ್ಮೆ ಆ ಮನೆಗೆ ಹೋಗಲಿ. ಅಂಕ ಎಷ್ಟು ಬಂತು ಎಂದು ಕೇಳುವ ಮೊದಲು ಊಟ ಆಯಿತೇ ಎಂದು ಕೇಳಲಿ. ಒಂದು ಹೆಸರನ್ನು ನನಗೆ ಈಗಲೇ ಕೊಡಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಜ್ಞಾನವನ್ನೂ ನಮಗೆ ತಾಳ್ಮೆಯನ್ನೂ ಹೆಚ್ಚಿಸಲಿ. ಆಮೀನ್.