ಮೊಬೈಲ್ ವಿಮೆ ಮಾಡಿಸಬೇಕೇ?

ವಿಜಯಪುರದ ಅಂಗಡಿಯಲ್ಲಿ ಸ್ಮಾರ್ಟ್‌ಫೋನ್ ಕೊಳ್ಳುವಾಗ "ಇದಕ್ಕೊಂದು ವಿಮೆ ಮಾಡಿಸಿರಿ" ಎಂಬ ಮಾತು ಬಂದೇ ಬರುತ್ತದೆ. ಮಾಡಿಸಬೇಕೇ, ಬೇಡವೇ?

ಕಂಪನಿಯ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ಬಿದ್ದು ಒಡೆದ ಪರದೆ, ನೀರು ಹೊಕ್ಕ ಫೋನು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ವಿಮೆಯ ಮಾತು ಬರುವುದು ಇಲ್ಲಿಯೇ.

ಲೆಕ್ಕ ಹಾಕೋಣ. 15,000 ರೂಪಾಯಿಯ ಫೋನಿಗೆ ವರ್ಷಕ್ಕೆ 1,200 ರೂಪಾಯಿ ಪ್ರೀಮಿಯಂ ಎಂದಿಟ್ಟುಕೊಳ್ಳಿ. ಶೇಕಡಾ 18 ಜಿ.ಎಸ್.ಟಿ. ಸೇರಿ 1,416. ಮೂರು ವರ್ಷಕ್ಕೆ 4,248. ಹೊಸ ಪರದೆಗೆ 3,500 ರೂಪಾಯಿ ಬೀಳುವುದಾದರೆ, ಒಂದೇ ಸಲ ಒಡೆದಾಗ ಕೈಯಿಂದ ಕೊಡುವುದೇ ಅಗ್ಗ. ಫೋನು ಹಳೆಯದಾದಂತೆ ಪರಿಹಾರದಲ್ಲಿ ಸವಕಳಿಯನ್ನೂ ಕಳೆಯುವುದುಂಟು.

ಕಳವಿನ ಷರತ್ತನ್ನು ಓದಿಸಿ ಕೇಳಿರಿ. ಅರಕೇರಿಯ ಅಮೋಘಸಿದ್ಧ ಜಾತ್ರೆಯ ಗದ್ದಲದಲ್ಲಿ ಕಿಸೆಯಿಂದ ಕಾಣೆಯಾದ ಫೋನಿಗೆ ಅನೇಕ ಪಾಲಿಸಿಗಳಲ್ಲಿ ಹಣ ಸಿಗದು. ಬೀಗ ಮುರಿದೋ ಬಲವಂತದಿಂದಲೋ ಕದ್ದಿರಬೇಕು. ವಿಮೆ ಇರಲಿ, ಇಲ್ಲದಿರಲಿ, ಪೊಲೀಸರಿಗೆ ದೂರು ಕೊಟ್ಟು, 2023ರಲ್ಲಿ ಆರಂಭವಾದ ಕೇಂದ್ರ ಸರಕಾರದ 'ಸಂಚಾರ ಸಾಥಿ' ತಾಣದಲ್ಲಿ ಫೋನನ್ನು ಬ್ಲಾಕ್ ಮಾಡಿಸಿರಿ. ಅದಕ್ಕೆ ಶುಲ್ಕವಿಲ್ಲ. ಬೇಕಾಗುವ 15 ಅಂಕಿಯ ಐ.ಎಂ.ಇ.ಐ. ಸಂಖ್ಯೆ ಪೆಟ್ಟಿಗೆಯ ಮೇಲಿರುತ್ತದೆ, ಇಂದೇ ಬರೆದಿಡಿ.

ಹಾಗಾದರೆ ವಿಮೆ ಯಾರಿಗೆ? ನಷ್ಟ ತಾಳಲಾರದವರಿಗೆ. ಸಾಲದಲ್ಲಿ ದುಬಾರಿ ಫೋನು ಕೊಂಡು ಅದರಿಂದಲೇ ದುಡಿಯುವವರು ಷರತ್ತು ನೋಡಿ ಮಾಡಿಸಬಹುದು. ಫೋನು ಒಡೆದರೂ ಸಾಲದ ಕಂತು ನಿಲ್ಲುವುದಿಲ್ಲ. ಉಳಿದವರು ತಿಂಗಳಿಗೆ ನೂರಿಪ್ಪತ್ತು ರೂಪಾಯಿಯನ್ನು ಉಳಿತಾಯ ಖಾತೆಯಲ್ಲಿಡಿ. ಫೋನು ಒಡೆದರೆ ರಿಪೇರಿಗಾಯಿತು, ಒಡೆಯದಿದ್ದರೆ ಹಣ ಮನೆಯಲ್ಲೇ ಉಳಿಯಿತು.