ಮರದ ಮೇಲಿನ ಗಿಡವೆಲ್ಲ ಬದನಿಕೆಯಲ್ಲ

(ಸುವರ್ಣ ಮಹೋತ್ಸವದ ವಿಶೇಷ ಉಪನ್ಯಾಸ)



ಇವತ್ತು ನಾನು ಆರಿಸಿಕೊಂಡ ವಿಷಯ ಆರ್ಕಿಡ್. ಮಲೆನಾಡಿನವರು ಇದನ್ನು ಸೀತಾಳೆ ಎನ್ನುತ್ತಾರೆ. ಬಾದಾಮಿ, ಹುನಗುಂದದ ಬಿಸಿಲಿಗೂ ಈ ಹೂವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಜಗತ್ತಿನಲ್ಲಿ ಸುಮಾರು 28,000 ಬಗೆಯ ಆರ್ಕಿಡ್‌ಗಳಿವೆ. ಭಾರತದಲ್ಲೇ 1,200ಕ್ಕೂ ಹೆಚ್ಚು. ಇವೆಲ್ಲ ಮಳೆಕಾಡಿನವಲ್ಲ. ಒಣ ಸೀಮೆಗೆ ಹೊಂದಿಕೊಂಡವೂ ಇವೆ.

ಇವು ಬೆಳೆಯುವ ನೆಲೆ ಮೂರು. ಕೆಲವು ಮಣ್ಣಿನಲ್ಲಿ ಬೆಳೆಯುತ್ತವೆ. ಬೇಸಿಗೆಯಲ್ಲಿ ಎಲೆ ಒಣಗಿ ಗಡ್ಡೆಯಾಗಿ ಮಲಗಿದ್ದು, ಮುಂಗಾರಿಗೆ ಚಿಗುರುತ್ತವೆ. ಕೆಲವು ಬಂಡೆಯ ಸಂದಿಯಲ್ಲಿ ಇರುತ್ತವೆ. ಹೆಚ್ಚಿನವು ಮರದ ಮೇಲೆ ವಾಸಿಸುವ ಅಪ್ಪುಸಸ್ಯಗಳು.

ಬಯಲುಸೀಮೆಯ ಹಳೆಯ ಮರಗಳ ಮೇಲೂ ಬದುಕಬಲ್ಲ ಒಂದು ಆರ್ಕಿಡ್ ವಾಂಡಾ ಟೆಸಲೇಟಾ. ಟೆಸಲೇಟಾ ಎಂದರೆ ಚೌಕಳಿಯುಳ್ಳದ್ದು. ಇಳಕಲ್ ಚೌಕಳಿ ಸೀರೆ ಕಂಡವರಿಗೆ ಇದರ ಹೂದಳ ನೋಡಿದರೆ ಹೆಸರು ತಾನೇ ಅರ್ಥವಾಗುತ್ತದೆ. ಇದರ ದಪ್ಪ ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಪದರವಿದೆ. ಮಳೆ ಬಿದ್ದಾಗ, ಮಂಜು ಇಳಿದಾಗ ಅದು ನೀರನ್ನು ಹೀರಿಟ್ಟುಕೊಳ್ಳುತ್ತದೆ. ಎಲೆಗಳು ಹಗಲಿನ ಬಿಸಿಲಿನಲ್ಲಿ ರಂಧ್ರ ಮುಚ್ಚಿ ರಾತ್ರಿ ಉಸಿರಾಡುತ್ತವೆ. ನೀರು ಉಳಿಸುವ ಪಾಠವನ್ನು ನಮ್ಮ ರೈತರಂತೆ ಈ ಗಿಡವೂ ಕಲಿತಿದೆ.

ಆದರೆ ನಮ್ಮಲ್ಲಿ ಮರದ ಮೇಲೆ ಏನೇ ಬೆಳೆದರೂ ಬದನಿಕೆ ಎಂದು ಕಡಿದು ಹಾಕುವುದುಂಟು. ಬದನಿಕೆ ಟೊಂಗೆಯೊಳಗೆ ಬೇರಿಳಿಸಿ ಮರದ ರಸ ಹೀರುತ್ತದೆ, ಅದು ಕೂಡಿದ ಜಾಗ ಗಂಟುಕಟ್ಟಿ ಉಬ್ಬಿರುತ್ತದೆ. ಮಾವಿನ ಮರದಿಂದ ಅದನ್ನು ತೆಗೆಯುವುದು ಸರಿಯೇ. ಆರ್ಕಿಡ್ ಹಾಗಲ್ಲ. ಅದು ತೊಗಟೆಯನ್ನು ಹಿಡಿದು ಕೂತಿರುತ್ತದೆ ಅಷ್ಟೆ, ಮರದ ಅನ್ನ ಕದಿಯುವುದಿಲ್ಲ. ಎರಡು ಸಾಲಾಗಿ ಜೋಡಿಸಿದ ಪಟ್ಟಿಯಂಥ ದಪ್ಪ ಎಲೆ, ಹೊರಗೆ ಇಳಿಬಿದ್ದ ಬಿಳಿ ಬೇರು ಕಂಡರೆ ದಯವಿಟ್ಟು ಕೊಡಲಿ ಎತ್ತಬೇಡಿ.

ಇನ್ನು ಔಷಧದ ಮಾತು. ಕೀಲುನೋವಿಗೆ ಆಯುರ್ವೇದ ಹೇಳುವ ರಾಸ್ನಾ ಎಂಬ ಹೆಸರಿನಲ್ಲಿ ಬಂಗಾಳದ ಕಡೆ ವಾಂಡಾದ ಬೇರನ್ನು ಬಳಸುತ್ತಾರೆ. ದಕ್ಷಿಣದಲ್ಲಿ ಅದೇ ಹೆಸರಿಗೆ ದುಂಪರಾಸ್ಮೆಯ ಗಡ್ಡೆ ಬಳಕೆಯಲ್ಲಿದೆ. ಉತ್ತರದಲ್ಲಿ ಬೇರೆಯೇ ಒಂದು ಗಿಡ. ಹೆಸರು ಒಂದೇ ಆದರೂ ಗಿಡ ಮೂರು! ಆದ್ದರಿಂದ ಯಾರೋ ಹೇಳಿದರೆಂದು ಬೇರು ಕಿತ್ತು ಕಷಾಯ ಮಾಡಿಕೊಳ್ಳಬೇಡಿ, ವೈದ್ಯರನ್ನು ಕೇಳಿ. ಶಕ್ತಿವರ್ಧಕವೆಂದು ಮಾರುವ ಸಾಲಂ ಮಿಶ್ರಿಯೂ ಆರ್ಕಿಡ್ ಗಡ್ಡೆಯೇ. ಗಡ್ಡೆ ಅಗೆದರೆ ಗಿಡವೇ ಹೋದಂತೆ.

ಹೋದ ಗಿಡ ಸುಲಭಕ್ಕೆ ಮರಳುವುದಿಲ್ಲ. ಒಂದು ಕಾಯಿಯಲ್ಲಿ ಸಾವಿರಾರು ಬೀಜಗಳಿದ್ದರೂ ಅವು ಧೂಳಿನಷ್ಟು ಸಣ್ಣವು, ಒಳಗೆ ಬುತ್ತಿ ಇಲ್ಲ. ತಕ್ಕ ಶಿಲೀಂಧ್ರ ಜೊತೆ ಸಿಕ್ಕರೆ ಮಾತ್ರ ಕಾಡಿನಲ್ಲಿ ಮೊಳೆಯುತ್ತವೆ, ಹೂ ಬಿಡಲು ವರ್ಷಗಳೇ ಬೇಕು. ಅದಕ್ಕೇ ಆರ್ಕಿಡ್‌ಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದ ಕಟ್ಟುಪಾಡು ಹಾಕಿದೆ.

ವಿದ್ಯಾರ್ಥಿಗಳೆ, ಮುಂಗಾರು ಬಂದಾಗ ಗುರುಗಳ ಜೊತೆ ಗುಡ್ಡ ಸುತ್ತಿರಿ, ಊರಿನ ಹಳೆಯ ಮರಗಳನ್ನು ತಲೆಯೆತ್ತಿ ನೋಡಿರಿ. ಕಂಡದ್ದನ್ನು ಕೀಳದೆ ಚಿತ್ರ ತೆಗೆದು, ಮರದ ಹೆಸರು, ದಿನಾಂಕ ಬರೆದಿಡಿ. ಗುರುತು ಹಿಡಿಯಲು ಬಾಗಲಕೋಟೆಯಲ್ಲೇ 2008ರಲ್ಲಿ ಆರಂಭವಾದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಅಲ್ಲಿ ಕೇಳಬಹುದು. ಹಿರಿಯರಲ್ಲಿ ನನ್ನದೊಂದೇ ವಿನಂತಿ: ಹಳೆಯ ಮರ ಉರುಳಿದರೆ ಅದರ ಮೇಲಿನ ಸಂಸಾರವೂ ಉರುಳುತ್ತದೆ. ಇರುವ ಮರಗಳನ್ನು ಉಳಿಸಿಕೊಳ್ಳೋಣ.